ಮಡಚಿದ ಕಿವಿ, ನೋಯುವ ಕಾಲು

ಅಕ್ಕಲಕೋಟ: ನಮ್ಮ ಕಿರಾಣಿ ಅಂಗಡಿಗೆ ಬೆಕ್ಕು ಹೊಸದಲ್ಲ. ತೊಗರಿ, ಜೋಳದ ಚೀಲ ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಬೆಕ್ಕು. ಗಿರಾಕಿಗಳು 'ಬೆಕ್ಕು' ಎನ್ನಲಿ, 'ಮಾಂಜರ' ಎನ್ನಲಿ, ಎರಡಕ್ಕೂ ಹೊರಳಿ ನೋಡುತ್ತದೆ. ಆದರೆ ರೊಕ್ಕ ಕೊಟ್ಟು ಬೆಕ್ಕು ತಂದವರು ನಮ್ಮ ಮನೆತನದಲ್ಲಿ ಇರಲಿಲ್ಲ.

ಕಳೆದ ದೀಪಾವಳಿಗೆ ಪುಣೆಯಿಂದ ಬಂದ ಮಗಳು ಬುಟ್ಟಿಯಲ್ಲಿ ಒಂದು ಹೆಣ್ಣು ಬೆಕ್ಕು ತಂದಳು. ದುಂಡು ಮುಖ, ಕಿವಿಗಳೆರಡೂ ಮುಂದಕ್ಕೆ ಮಡಚಿಕೊಂಡಿದ್ದವು. "ಅಪ್ಪಾ, ಇದು ಸ್ಕಾಟಿಷ್ ಫೋಲ್ಡ್. ಭಾಳ ಶಾಂತ ಅದ, ಜಿಗಿದಾಡಂಗಿಲ್ಲ. ಮರಿ ಹಾಕಿಸಿ ಮಾರಿದ್ರ ಕೊಟ್ಟ ರೊಕ್ಕ ವಾಪಸ್ ಬರ್ತದಂತ" ಎಂದಳು. ಮಾರಿದವನು ಹಾಗೆ ಹೇಳಿದ್ದನಂತೆ.

ಎರಡು ದಿನ ಸುಮ್ಮನೆ ನೋಡಿದೆ. ಅಂಗಡಿ ಬೆಕ್ಕು ಒಂದೇ ನೆಗೆತಕ್ಕೆ ಚೀಲದ ಥಪ್ಪಿ ಏರಿದರೆ, ಇದು ಕಟ್ಟೆ ಇಳಿಯಲೂ ಹಿಂದುಮುಂದು ನೋಡುತ್ತಿತ್ತು. ಜಾತ್ರೆಯಲ್ಲಿ ಖಿಲಾರಿ ಹೋರಿಯ ನಡಿಗೆ ನೋಡಿ ವ್ಯವಹಾರ ಮಾಡಿದ ಕಣ್ಣು ನಮ್ಮದು. "ಶಾಂತ ಅಲ್ಲವಾ ಇದು, ಇದರ ಕಾಲು ನೋಯ್ತಾವ" ಎಂದೆ. ದನದ ಡಾಕ್ಟರು ಪರೀಕ್ಷಿಸಿ ಹೌದೆಂದರು.

ಈ ತಳಿಯ ಮೂಲ, 1961ರಲ್ಲಿ ಸ್ಕಾಟ್ಲೆಂಡಿನ ಒಂದು ಹೊಲದಲ್ಲಿ ಕಂಡ ಸೂಸಿ ಎಂಬ ಬಿಳಿ ಬೆಕ್ಕು. ಕಿವಿ ಮಡಚುವುದು ಮೃದು ಎಲುಬಿನ ದೋಷದಿಂದ. ಆ ದೋಷ ಕಿವಿಗಷ್ಟೇ ಅಲ್ಲ, ಕಾಲಿನ ಕೀಲಿಗೂ ಬಾಲಕ್ಕೂ ಇರುತ್ತದೆ. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಹೆಚ್ಚು. ಜೋಡಿ ಬೆಕ್ಕಿನ ಕಿವಿ ನೆಟ್ಟಗಿದ್ದರೂ, ಹುಟ್ಟುವ ಮಡಚುಕಿವಿಯ ಮರಿಗೆ ಅದು ತಪ್ಪದು. ಆದ್ದರಿಂದಲೇ ನೆದರ್ಲೆಂಡ್ಸ್ ದೇಶ 2014ರಲ್ಲಿ ಇದರ ಸಂತಾನೋತ್ಪತ್ತಿ ನಿಷೇಧಿಸಿತು. 2026ರ ಜನವರಿ 1ರಿಂದ ಹೊಸದಾಗಿ ಸಾಕುವುದಕ್ಕೂ ಅಲ್ಲಿ ನಿಷೇಧ.

ನಮ್ಮಲ್ಲೇನು? ಸೋಲಾಪುರದ ವಕೀಲ ಮಿತ್ರರೊಬ್ಬರನ್ನು ಕೇಳಿದೆ. ನಾಯಿಗೆ 2017ರ ಕೇಂದ್ರ ನಿಯಮಗಳಿವೆ: ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಪಡೆಯಬಾರದು, ಎಂಟು ವಾರ ತುಂಬದ ಮರಿ ಮಾರಬಾರದು. ಬೆಕ್ಕು ಮಾರುವ ಅಂಗಡಿ 2018ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಆದರೆ ತಾಯಿ ಬೆಕ್ಕನ್ನು ಎಷ್ಟು ಸಲ ಹೆರಿಸಬಹುದು, ಯಾವ ದೋಷದ ತಳಿ ಬೆಳೆಸಬಾರದು ಎಂಬುದಕ್ಕೆ ನಾಯಿಗಿದ್ದಂಥ ಪ್ರತ್ಯೇಕ ನಿಯಮ ಬೆಕ್ಕಿಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ!

"ಬೆಕ್ಕಿಗೆ ಯಾತರ ಕಾಯ್ದೆ ರೀ ಸಾವಕಾರ್ರ?" ಎಂದು ಪಕ್ಕದ ಅಂಗಡಿಯವರು ನಕ್ಕರು. ನಾನೆಂದೆ: "ಬೀಜದ ಚೀಲದ ಮ್ಯಾಲ ತಳಿ, ತಾರೀಖು ಬರದಿರಲಿಲ್ಲಂದ್ರ ನೀವು ತಗೋತೀರೇನು? ಇದರಾಗ ಜೀವ ಅದ."

ಮಗಳು ಎರಡು ದಿನ ಮುನಿಸಿಕೊಂಡಳು. ಕೊಟ್ಟ ರೊಕ್ಕ ಸಣ್ಣದಲ್ಲ. ಕೊನೆಗೆ ತಾನೇ ಡಾಕ್ಟರ ಬಳಿ ಒಯ್ದು, ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದಳು. ಬೆಕ್ಕು ಈಗ ನಮ್ಮಲ್ಲೇ ಇದೆ. ನೋವಿಗೆ ಔಷಧಿ ನಡೆದಿದೆ. ಕಟ್ಟೆಗೆ ಒಂದು ಹಲಗೆ ಓರೆಯಾಗಿ ಇಟ್ಟಿದ್ದೇವೆ.

ಕಾಯ್ದೆ ಬರುವಾಗ ಬರಲಿ. ಅಲ್ಲಿಯತನಕ ಕೊಳ್ಳುವವರೇ ಕಾಯ್ದೆ. ಮೊಮ್ಮಕ್ಕಳು ಕೇಳಿದರೆಂದು ಮರಿ ತರುವ ಮೊದಲು ಅದರ ತಾಯಿಯನ್ನು ನೋಡಿ, ಅದನ್ನು ನಡೆಸಿ ನೋಡಿ. ಎತ್ತಿಗೆ ಮಾಡುವಷ್ಟು ಪರೀಕ್ಷೆ ಬೆಕ್ಕಿಗೂ ಇರಲಿ.