ಅಪ್‌ಗ್ರೇಡ್ ಆದ ಮೇಲೆ ಲಾಗ್ ಎಲ್ಲಿ ಹೋಯಿತು?

ಡೆಬಿಯನ್ ಲಿನಕ್ಸ್ ಇರುವ ಸರ್ವರ್ ಒಂದನ್ನು 11ನೇ ಆವೃತ್ತಿಯಿಂದ 12ಕ್ಕೆ ಏರಿಸಿದ್ದೀರಿ ಎಂದುಕೊಳ್ಳಿ. ಒಂದು ವಾರ ಎಲ್ಲ ಸರಿಯಾಗಿತ್ತು. ಈಗ ಯಾವುದೋ ಸೇವೆ ಪದೇ ಪದೇ ನಿಂತುಹೋಗುತ್ತಿದೆ. ಕಾರಣ ಹುಡುಕಲು ಡೀಮನ್.ಲಾಗ್ ಫೈಲ್ ತೆರೆದರೆ ಅದರ ಕೊನೆಯ ಸಾಲು ಅಪ್‌ಗ್ರೇಡ್ ಆದ ದಿನದ್ದು. ಆಮೇಲೆ ಒಂದಕ್ಷರವೂ ಇಲ್ಲ. ಮೆಸೇಜಸ್ ಎಂಬ ಫೈಲ್ ತೆರೆದರೆ ಅಲ್ಲೂ ಅದೇ ಕಥೆ. ಗಾಬರಿಯಲ್ಲಿ ಕೈ ರೀಸ್ಟಾರ್ಟ್ ಕಡೆಗೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ಲಾಗ್ ಬಹುಪಾಲು ಎಲ್ಲೋ ಇದ್ದೇ ಇರುತ್ತದೆ, ಆದರೆ ಕೆಲವು ಯಂತ್ರಗಳಲ್ಲಿ ಅದನ್ನು ನಿಜವಾಗಿ ಅಳಿಸಿಹಾಕುವುದು ಆ ರೀಸ್ಟಾರ್ಟೇ.

ಹಿಂದೆ ಊರಿನ ಲೆಕ್ಕವನ್ನು ಶಾನುಭೋಗರು ಕಡತದಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಇದ್ದಿಲು ಮತ್ತು ಹುಣಸೆಬೀಜದ ಸರಿ ಬಳಿದು ಮಾಡಿದ ಆ ಮಡಿಕೆಯ ಪುಸ್ತಕದ ಹೆಸರನ್ನೇ ನಾವು ಇಂದು ಕಂಪ್ಯೂಟರಿನ ಫೈಲಿಗೂ ಇಟ್ಟುಕೊಂಡಿದ್ದೇವೆ. ಕಂಪ್ಯೂಟರಿನ ಒಳಗೂ ಇಂಥದ್ದೇ ಏರ್ಪಾಡು. ಹೆಚ್ಚಿನ ಸೇವೆಗಳು ತಮ್ಮ ಸುದ್ದಿಯನ್ನು ತಾವೇ ಬರೆದಿಡುವುದಿಲ್ಲ, ಬರೆಯುವ ಕೆಲಸಕ್ಕೆಂದೇ ಇರುವ ಇನ್ನೊಂದು ಪ್ರೋಗ್ರಾಂಗೆ ಒಪ್ಪಿಸುತ್ತವೆ. 1980ರ ದಶಕದಲ್ಲಿ ಎರಿಕ್ ಆಲ್ಮನ್ ಬರ್ಕ್ಲಿಯಲ್ಲಿ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶಕ್ಕಾಗಿ ಕಟ್ಟಿದ ಸಿಸ್‌ಲಾಗ್ ಈ ಪದ್ಧತಿಯ ಮೂಲ. ಡೆಬಿಯನ್‌ನಲ್ಲಿ ಆ ಕೆಲಸವನ್ನು ಬಹುಕಾಲ ಆರ್‌ಸಿಸ್‌ಲಾಗ್ ಮಾಡಿತು. 2011ರಲ್ಲಿ, ಲಿನಕ್ಸ್ ಯಂತ್ರದ ಸೇವೆಗಳನ್ನು ಶುರುಮಾಡಿ ನಡೆಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶದ ತಂಡ, ಜರ್ನಲ್ ಎಂಬ ಹೊಸ ಬರಹಗಾರನನ್ನು ಪ್ರಕಟಿಸಿತು. ಹಲವು ವರ್ಷ ಇಬ್ಬರೂ ಜೊತೆಯಲ್ಲೇ ದುಡಿದರು. 2023ರ ಜೂನ್ 10ರಂದು ಹೊರಬಂದ ಡೆಬಿಯನ್ 12ರಲ್ಲಿ, ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ.

ಏರಿಸಿದ ಯಂತ್ರದಲ್ಲಿ ಅದು ಉಳಿದಿರಲೂಬಹುದು, ಯಾರಾದರೂ ತೆಗೆದುಹಾಕಿರಲೂಬಹುದು. ಹಾಗಾಗಿ ಮೊದಲು ತಿಳಿಯಬೇಕಾದ್ದು ಈಗ ಬರೆಯುತ್ತಿರುವವರು ಯಾರು ಎನ್ನುವುದು. ಆರ್‌ಸಿಸ್‌ಲಾಗ್ ಇನ್ನೂ ಇದ್ದು ಡೀಮನ್.ಲಾಗ್ ಮಾತ್ರ ನಿಂತಿದ್ದರೆ ಚಿಂತೆ ಬೇಡ. 12ರ ಹೊಸ ಸೆಟ್ಟಿಂಗ್‌ನಲ್ಲಿ ಆ ಫೈಲನ್ನೂ ಮೆಸೇಜಸ್ ಫೈಲನ್ನೂ ಕೈಬಿಟ್ಟಿದ್ದಾರೆ, ಆ ಸಾಲುಗಳೆಲ್ಲ ಈಗ ಸಿಸ್‌ಲಾಗ್ ಫೈಲಿನಲ್ಲೇ ಸಿಗುತ್ತವೆ. ಅಲ್ಲಿ ಸಾಲಿನ ಮುಖವೂ ಬದಲಾಗಿದೆ. ಮೊದಲು ತಿಂಗಳು, ದಿನ, ಸಮಯ ಇಷ್ಟೇ ಇತ್ತು, ವರ್ಷವೇ ಇರುತ್ತಿರಲಿಲ್ಲ. ಈಗ ವರ್ಷದಿಂದ ಶುರುವಾಗಿ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನವರೆಗೆ ಹೋಗಿ, ನಮ್ಮ ಯಂತ್ರಗಳಲ್ಲಾದರೆ +05:30 ಎಂದು ಮುಗಿಯುತ್ತದೆ. ಹಳೆಯ ನಮೂನೆಯನ್ನೇ ನಂಬಿ ಯಾರೋ ಬರೆದಿಟ್ಟ ಸ್ಕ್ರಿಪ್ಟ್, ಲಾಗ್ ಎದುರಿಗಿದ್ದರೂ ಏನೂ ಸಿಗಲಿಲ್ಲ ಎನ್ನಬಹುದು.

ಆರ್‌ಸಿಸ್‌ಲಾಗ್ ಇಲ್ಲವೇ ಇಲ್ಲ ಎಂದಾದರೆ ಜರ್ನಲ್ ನೋಡಬೇಕು. ಅದರ ಫೈಲುಗಳು ಬರಿಗಣ್ಣಿಗೆ ಓದಲು ಬರುವ ಅಕ್ಷರಗಳಲ್ಲ, 'ಜರ್ನಲ್‌ಸಿಟಿಎಲ್' ಎಂಬ ಕಮಾಂಡಿನಿಂದಲೇ ಓದಬೇಕು. ಸಾಮಾನ್ಯ ಬಳಕೆದಾರನಾಗಿ ಓದಿದರೆ ನಿಮ್ಮ ಸಂದೇಶಗಳಷ್ಟೇ ಕಾಣುತ್ತವೆ. ಇಡೀ ಯಂತ್ರದ್ದು ಬೇಕಿದ್ದರೆ ರೂಟ್ ಆಗಬೇಕು, ಇಲ್ಲವೇ 'ಎಡಿಎಂ'ನಂಥ ಅನುಮತಿಯಿರುವ ಗುಂಪಿನಲ್ಲಿರಬೇಕು. ಇಷ್ಟು ಚಿಕ್ಕ ಕಾರಣಕ್ಕೆ ಲಾಗ್ ಹೋಯಿತೆಂದು ಪರದಾಡಿದವರು ಬಹಳ.

ಇನ್ನು ರೀಸ್ಟಾರ್ಟಿನ ಮಾತು. ಜರ್ನಲ್‌ನ ಸೆಟ್ಟಿಂಗ್ 'ಆಟೋ' ಎಂದಿದ್ದರೆ, ವಾರ್ ಫೋಲ್ಡರಿನೊಳಗಿನ ಲಾಗ್‌ನಲ್ಲಿ 'ಜರ್ನಲ್' ಎಂಬ ಫೋಲ್ಡರ್ ಇದೆಯೇ ಎಂದು ಅದು ನೋಡುತ್ತದೆ. ಇದ್ದರೆ ಡಿಸ್ಕಿನಲ್ಲಿ ಬರೆಯುತ್ತದೆ. ಇಲ್ಲದಿದ್ದರೆ 'ರನ್' ಫೋಲ್ಡರಿನಲ್ಲಿ ಬರೆಯುತ್ತದೆ. ಆ ರನ್ ಇರುವುದು ರ‍್ಯಾಮ್‌ನಲ್ಲಿ. ಕರೆಂಟು ಹೋದರೆ, ಯಂತ್ರ ಮತ್ತೆ ಶುರುವಾದರೆ, ಬರೆದದ್ದೆಲ್ಲ ಹೋಯಿತು. 2021ರ ಡೆಬಿಯನ್ 11ರಿಂದ ಡಿಸ್ಕಿನಲ್ಲೇ ಉಳಿಸುವ ರೂಢಿ ಬಂದಿದೆ, ನಿಜ. ಆದರೆ ತುಂಬ ಹಳೆಯ ಆವೃತ್ತಿಗಳಿಂದ ಏರಿಸುತ್ತಾ ಬಂದು, ಪ್ರತಿ ಸಲವೂ ಹಳೆಯ ಸೆಟ್ಟಿಂಗನ್ನೇ ಉಳಿಸಿಕೊಂಡ ಯಂತ್ರದಲ್ಲಿ ಹಾಗೆ ಇರಲೇಬೇಕೆಂದಿಲ್ಲ.

ಪರೀಕ್ಷೆ ಸುಲಭ. 'ಜರ್ನಲ್‌ಸಿಟಿಎಲ್' ಮುಂದೆ 'ಲಿಸ್ಟ್-ಬೂಟ್ಸ್' ಎಂಬ ಆಯ್ಕೆ ಸೇರಿಸಿ. ಉಳಿದಿರುವ ಲಾಗ್‌ನ ಅವಧಿಯಲ್ಲಿ ಯಂತ್ರ ಎಷ್ಟು ಸಲ ಶುರುವಾಗಿದೆಯೋ ಅಷ್ಟು ಸಾಲು ಬರಬೇಕು. ಹಲವು ಸಲ ರೀಸ್ಟಾರ್ಟ್ ಆದ ಯಂತ್ರದಲ್ಲೂ ಒಂದೇ ಸಾಲು ಬಂದರೆ ಲಾಗ್ ರ‍್ಯಾಮ್‌ನಲ್ಲಿದೆ ಎಂದೇ ಅನುಮಾನಿಸಿ. ಮೊದಲು ಇರುವಷ್ಟನ್ನು ಒಂದು ಫೈಲಿಗೆ ಉಳಿಸಿಕೊಳ್ಳಿ. ಆಮೇಲೆ ಆ 'ಜರ್ನಲ್' ಫೋಲ್ಡರ್ ಮಾಡಿ, 'ಫ್ಲಶ್' ಆಯ್ಕೆ ಕೊಡಿ. ರ‍್ಯಾಮ್‌ನಲ್ಲಿದ್ದದ್ದು ಡಿಸ್ಕಿಗೆ ಇಳಿಯುತ್ತದೆ.

ಯಂತ್ರದ ಗುರುತಿನ ಸಂಖ್ಯೆ, ಅಂದರೆ ಮಷೀನ್-ಐಡಿ, ಬದಲಾದಾಗಲೂ ಹಳೆಯ ಲಾಗ್ ಕಾಣೆಯಾಗುತ್ತದೆ. ಅದು ಹಳೆಯ ಸಂಖ್ಯೆಯ ಫೋಲ್ಡರಿನಲ್ಲಿ ಕುಳಿತಿರುತ್ತದೆ, 'ಮರ್ಜ್' ಎಂದು ಕೇಳಿದರೆ ಹೊರಬರುತ್ತದೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಲಾಗನ್ನು ನಂಬಿ ಕೆಲಸ ಮಾಡುವ ಕಾವಲು ತಂತ್ರಾಂಶಗಳ ಸ್ಥಿತಿ. ತಪ್ಪು ಪಾಸ್‌ವರ್ಡ್ ಹಾಕುತ್ತಲೇ ಇರುವವರನ್ನು ಹೊರಗಿಡುವ ಫೇಲ್2ಬ್ಯಾನ್ ಓದುವುದು ಆಥ್.ಲಾಗ್ ಫೈಲನ್ನು. ಆ ಫೈಲ್ ಇಲ್ಲದ ಹೊಸ ಯಂತ್ರದಲ್ಲಿ ಅದು ಶುರುವಾಗಲೂ ನಿರಾಕರಿಸುತ್ತದೆ, ಆಗ ತೊಂದರೆ ಕಣ್ಣಿಗಾದರೂ ಬೀಳುತ್ತದೆ. ಆರ್‌ಸಿಸ್‌ಲಾಗ್ ತೆಗೆದುಹಾಕಿ ಹಳೆಯ ಫೈಲ್ ಮಾತ್ರ ಉಳಿದಿದ್ದರೆ ಫೇಲ್2ಬ್ಯಾನ್ ಬೆಳೆಯದ ಫೈಲನ್ನೇ ನೋಡುತ್ತಾ ಸುಮ್ಮನಿರುತ್ತದೆ. ಬಾಗಿಲು ಬಡಿಯುವವರು ಬಡಿಯುತ್ತಲೇ ಇರುತ್ತಾರೆ. ಫೇಲ್2ಬ್ಯಾನ್‌ನ ಸೆಟ್ಟಿಂಗ್‌ನಲ್ಲಿ 'ಬ್ಯಾಕೆಂಡ್' ಎಂಬಲ್ಲಿ 'ಸಿಸ್ಟಮ್‌ಡಿ' ಎಂದು ಬರೆದರೆ ಜರ್ನಲ್ ಓದತೊಡಗುತ್ತದೆ.

ಜಾಗದ ಮಿತಿಯನ್ನೂ ನೋಡಿಕೊಳ್ಳಿ. ಬೇರೆ ಹೇಳದಿದ್ದರೆ ಜರ್ನಲ್ ಡಿಸ್ಕಿನ ಶೇ. 10ರಷ್ಟು, ಹೆಚ್ಚೆಂದರೆ 4 ಜಿಬಿ ಮಾತ್ರ ಬಳಸುತ್ತದೆ. ಅದು ತುಂಬಿದರೆ ಹಳೆಯದು ಅಳಿಯುತ್ತದೆ. ಆದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಭಾರತದ ಕಂಪನಿಗಳು, ಡೇಟಾ ಸೆಂಟರುಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಲಾಗನ್ನು 180 ದಿನ ಉಳಿಸಿಕೊಳ್ಳಬೇಕು. ನಿಮ್ಮ ಜರ್ನಲ್‌ನ ಅತಿ ಹಳೆಯ ಸಾಲಿನ ತಾರೀಕು ಯಾವುದು ಎಂದು ಇಂದೇ ಒಮ್ಮೆ ನೋಡಿ.