ಕಡಲ ಕಾವಲಿನ ನೌಕೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಒಂದು ಪ್ರಾಚೀನ ಶಿಲಾಸ್ತಂಭವಿದೆ. ಕುಬ್ಜನೆಂಬ ಕವಿಯು ಐದನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಶಾಸನವನ್ನು ಅದರ ಮೇಲೆ ಕೆತ್ತಲಾಗಿದೆ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನಿಗೆ ದೊರೆತ ನಾಡಿನ ಎಲ್ಲೆಯನ್ನು ಹೇಳುವಾಗ ಆ ಶಾಸನವು ಪಶ್ಚಿಮ ಸಮುದ್ರವನ್ನು ಹೆಸರಿಸುತ್ತದೆ. ಮಲೆನಾಡಿನ ಅಂಚಿನ ಈ ಊರಿಗೂ ಕಡಲಿಗೂ ಇರುವ ನಂಟು ಅಷ್ಟು ಹಳೆಯದು.

ಸೊರಬದಿಂದ ನೇರವಾಗಿ ಅಳೆದರೆ ಕಡಲು ಸುಮಾರು 70 ಕಿ.ಮೀ. ದೂರದಲ್ಲಿದೆ. ನಡುವೆ ಸಹ್ಯಾದ್ರಿಯ ಗೋಡೆ ನಿಂತಿರುವುದರಿಂದ ಅದು ಕಣ್ಣಿಗೆ ಕಾಣದು. ಆದರೂ ಈ ನಾಡಿನ ಗದ್ದೆ, ತೋಟಗಳಿಗೆ ಮಳೆ ತರುವ ಮುಂಗಾರು ಬರುವುದು ಆ ಕಡಲಿನಿಂದಲೇ. ಸಂತೆಯ ಒಣಮೀನು ಬರುವುದೂ ಅಲ್ಲಿಂದಲೇ. ಕಚ್ಚಾತೈಲ, ರಸಗೊಬ್ಬರಗಳನ್ನು ಹೊತ್ತ ಹಡಗುಗಳು ಅದೇ ಕಡಲನ್ನು ದಾಟಿ ನವಮಂಗಳೂರು ಬಂದರನ್ನು ಸೇರುತ್ತವೆ. ಹೊಲಕ್ಕೆ ಬೇಲಿಯುಂಟು, ಊರಿಗೆ ಗಡಿಕಲ್ಲುಂಟು. ಬೇಲಿಯಿಲ್ಲದ ಈ ನೀರಿನ ಬಯಲನ್ನು ಕಾಯುವವರು ಯಾರು?

ದಡದಿಂದ 12 ನಾಟಿಕಲ್ ಮೈಲಿಗಳವರೆಗಿನ ಕಡಲು ದೇಶದ ನೆಲದಷ್ಟೇ ನಮ್ಮದು. 200 ನಾಟಿಕಲ್ ಮೈಲಿಗಳವರೆಗೆ, ಎಂದರೆ ಸುಮಾರು 370 ಕಿ.ಮೀ. ದೂರದವರೆಗೆ, ಮೀನು, ತೈಲ, ಖನಿಜ ಮೊದಲಾದ ಸಂಪತ್ತಿನ ಮೇಲೆ ನಮಗೆ ಹಕ್ಕುಂಟು. 1976ರಲ್ಲಿ ಸಂಸತ್ತು ಈ ಬಗ್ಗೆ ಕಾಯಿದೆ ಮಾಡಿತು. ಹೀಗೆ ಭಾರತದ ಪಾಲಿಗೆ ಬಂದ ಕಡಲು 20 ಲಕ್ಷ ಚದರ ಕಿ.ಮೀ.ಗೂ ಹೆಚ್ಚು. ಹಕ್ಕು ಬಂದೊಡನೆ ಹೊಣೆಯೂ ಬಂದಿತು. ಕಳ್ಳಸಾಗಣೆಯ ಹಾವಳಿಯೂ ಆಗ ಮಿತಿಮೀರಿತ್ತು. ಯುದ್ಧಕ್ಕೆ ಸಿದ್ಧವಾಗಿರಬೇಕಾದ ನೌಕಾಪಡೆಯ ಮೇಲೆ ಈ ದಿನನಿತ್ಯದ ಕಾವಲನ್ನೂ ಹೊರಿಸುವುದು ಯುಕ್ತವಾಗಿರಲಿಲ್ಲ. ಆದುದರಿಂದ 1977ರಲ್ಲಿ ಭಾರತೀಯ ಕರಾವಳಿ ಕಾವಲು ಪಡೆಯು ತಲೆಯೆತ್ತಿತು. 1978ರ ಕಾಯಿದೆಯಿಂದ ಪ್ರತ್ಯೇಕ ಪಡೆಯಾಯಿತು. ‘ವಯಂ ರಕ್ಷಾಮಃ’, ‘ನಾವು ರಕ್ಷಿಸುತ್ತೇವೆ’, ಎಂಬುದು ಅದರ ಧ್ಯೇಯವಾಕ್ಯ.

ದಡದ ಸಮೀಪದಲ್ಲಿ ಸಣ್ಣ ದೋಣಿಗಳೇ ಸಾಕು. ದಡ ಕಾಣದ ದೂರದಲ್ಲಿ ದಿನಗಟ್ಟಲೆ ಸಂಚರಿಸಲು ದೊಡ್ಡ ಗಸ್ತು ನೌಕೆಗಳು ಬೇಕು. ಅಂತಹ ನೌಕೆಗಳಲ್ಲಿ ಒಂದು ‘ವರಾಹ’. ಚೆನ್ನೈ ಬಳಿಯ ಕಾಟ್ಟುಪಳ್ಳಿಯಲ್ಲಿ ನಿರ್ಮಾಣಗೊಂಡ ಇದು 2019ರ ಸೆಪ್ಟೆಂಬರ್ 25ರಂದು ಸೇವೆಗೆ ಸೇರಿತು. ನವಮಂಗಳೂರನ್ನು ನೆಲೆಯಾಗಿ ಮಾಡಿಕೊಂಡು ಕಾವಲಿಗಿಳಿಯಿತು. ಮುಳುಗಿದ ಭೂಮಿಯನ್ನು ನೀರಿನಿಂದ ಮೇಲೆತ್ತಿದ ಅವತಾರದ ಹೆಸರು ಇದಕ್ಕೆ ಸಂದಿದೆ. ಬಳ್ಳಿಗಾವೆಯನ್ನು ಆಳಿದ ಚಾಲುಕ್ಯರ ಲಾಂಛನವೂ ವರಾಹವೇ ಆಗಿತ್ತು.

ಈ ನೌಕೆಯ ಉದ್ದ 98 ಮೀಟರ್. ಹೆಚ್ಚುಕಡಿಮೆ ಒಂದು ಫುಟ್‌ಬಾಲ್ ಮೈದಾನದಷ್ಟು. ಎರಡು ಡೀಸೆಲ್ ಯಂತ್ರಗಳು ಇದನ್ನು ಗಂಟೆಗೆ 26 ನಾಟಿಕಲ್ ಮೈಲಿ, ಎಂದರೆ ಸುಮಾರು 48 ಕಿ.ಮೀ. ವೇಗದಲ್ಲಿ ನಡೆಸಬಲ್ಲವು. ಒಮ್ಮೆ ತುಂಬಿದ ಇಂಧನದಲ್ಲಿ 5,000 ನಾಟಿಕಲ್ ಮೈಲಿ ಸಾಗುವ ಶಕ್ತಿ ಇದಕ್ಕಿದೆ. ಕತ್ತಲೆಯಲ್ಲಿಯೂ ಮಂಜಿನಲ್ಲಿಯೂ ರೇಡಾರ್ ಇದರ ಕಣ್ಣು. ಹಿಂಭಾಗದ ಅಟ್ಟದ ಮೇಲೆ ಹೆಲಿಕಾಪ್ಟರ್ ಇಳಿಯಬಹುದು. ಫಿರಂಗಿಯಿದೆ, ವೇಗದ ದೋಣಿಗಳಿವೆ, ನೀರಿನ ಮೇಲೆ ಹರಡಿದ ತೈಲವನ್ನು ನಿಯಂತ್ರಿಸುವ ಸಲಕರಣೆಗಳಿವೆ.

ತೈಲ ಚೆಲ್ಲಿದರೆ ಆಗುವ ಕೇಡು ಅಷ್ಟಿಷ್ಟಲ್ಲ. ಅದು ತೆಳುವಾಗಿ ನೀರಿನ ಮೇಲೆ ಹರಡಿ ಮೀನು, ಹಕ್ಕಿಗಳ ಬಾಳಿಗೂ ಬೆಸ್ತರ ಅನ್ನಕ್ಕೂ ಕುತ್ತು ತರುತ್ತದೆ. ತೇಲುವ ತಡೆಬೇಲಿಯನ್ನು ಸುತ್ತಲೂ ಹಾಸಿ, ಅದು ಹಬ್ಬದಂತೆ ತಡೆದು, ಮೇಲಿನಿಂದ ಎತ್ತಿಕೊಳ್ಳಬೇಕಾಗುತ್ತದೆ. ಈ ಕೆಲಸದಲ್ಲಿ ತಡವಾದಷ್ಟೂ ಹಾನಿ ಹೆಚ್ಚು.

ಆದರೆ ಇಂತಹ ನೌಕೆಯ ನಿಜವಾದ ಬೆಲೆ ತಿಳಿಯುವುದು ಮನುಷ್ಯರ ಪ್ರಾಣ ಅಪಾಯದಲ್ಲಿದ್ದಾಗ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಅರಬ್ಬೀ ಸಮುದ್ರವನ್ನು ಕಡೆಯಿತು. ಮೂಲ್ಕಿಯ ಬಳಿ ಒಂದು ಎಳೆನೌಕೆಯು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಯಂತ್ರಕೋಣೆಗೆ ನೀರು ನುಗ್ಗಿ ಚಲನೆಯೂ ವಿದ್ಯುತ್ತೂ ನಿಂತುಹೋದವು. ಅದರೊಳಗೆ ಒಂಬತ್ತು ಮಂದಿ ಇದ್ದರು. ಬಂಡೆಗಳ ನಡುವೆ ದೊಡ್ಡ ಹಡಗು ನುಗ್ಗುವಂತಿಲ್ಲ. ನುಗ್ಗಿದರೆ ಅದಕ್ಕೂ ಅದೇ ಗತಿ. ಅಲೆಗಳ ಅಬ್ಬರದಲ್ಲಿ ಚಿಕ್ಕ ದೋಣಿಯನ್ನು ಇಳಿಸುವುದೂ ಸಾಹಸವೇ. ಮೇ 17ರಂದು ವರಾಹದ ದೋಣಿಯು ಐವರನ್ನು ಕರೆತಂದಿತು. ನೌಕಾಪಡೆಯ ಹೆಲಿಕಾಪ್ಟರ್ ಉಳಿದ ನಾಲ್ವರನ್ನು ಮೇಲೆತ್ತಿಕೊಂಡಿತು. ಒಂಬತ್ತು ಮನೆಗಳ ದೀಪ ಆರದೆ ಉಳಿಯಿತು.

ಕಡಲಿನಲ್ಲಿ ಕಷ್ಟಕ್ಕೆ ಸಿಲುಕಿದವರು ಕರಾವಳಿ ಕಾವಲು ಪಡೆಯನ್ನು ಕರೆಯಲು 1554 ಎಂಬ ದೂರವಾಣಿ ಸಂಖ್ಯೆಯಿದೆ. ಕರೆದವರು ಯಾವ ಊರಿನವರು, ಯಾವ ದೇಶದವರು ಎಂಬುದನ್ನು ಕಡಲ ಧರ್ಮ ಕೇಳುವುದಿಲ್ಲ. ಉಬ್ಬರದ ಕಡಲಿನಲ್ಲಿ ನಿದ್ದೆಗೆಟ್ಟು ಎಚ್ಚರವಾಗಿರುವವರ ದುಡಿಮೆ ದಡದಲ್ಲಿರುವವರಿಗೆ ಕಾಣುವುದಿಲ್ಲ. ಏನೂ ಅನಾಹುತ ನಡೆಯದ ದಿನವೇ ಅವರ ಗೆಲುವಿನ ದಿನ. ಮಲೆನಾಡಿನ ಮನೆಯಲ್ಲಿ ನೆಮ್ಮದಿಯಿಂದ ಉಣ್ಣುವ ಅನ್ನದಲ್ಲಿಯೂ ಆ ಎಚ್ಚರದ ಪಾಲುಂಟು.