ಕಂಬವೇರಿದವನ ಪ್ರಾಣ, ನಮ್ಮ ಮನೆಯ ಜನರೇಟರು

ಮುಂಗಾರಿನ ಮೊದಲ ಗಾಳಿಮಳೆಗೆ ಮಾಗಡಿ ತಾಲ್ಲೂಕಿನ ಕುದೂರಿನ ಸುತ್ತಮುತ್ತ ತೆಂಗಿನ ಗರಿ ತಂತಿಯ ಮೇಲೆ ಬೀಳುವುದು, ಊರಿಗೆ ಊರೇ ಕತ್ತಲಾಗುವುದು, ಜನರು ಲೈನ್‌ಮನ್ನನನ್ನು ಹುಡುಕಿಕೊಂಡು ಹೊರಡುವುದು ನಾವೆಲ್ಲರೂ ಕಂಡ ಸಂಗತಿ. ಆತ ಬರುವುದು ತಡವಾದರೆ ನಮ್ಮ ಮಾತು ಬಿರುಸಾಗುತ್ತದೆ. ಆದರೆ ಕಂಬದ ಮೇಲಿರುವಾಗ ಆತನ ಪ್ರಾಣ ಎಷ್ಟು ಜನರ ಕೈಯಲ್ಲಿದೆ, ಅದರಲ್ಲಿ ನಮ್ಮ ಕೈಯೂ ಒಂದು ಎಂಬುದನ್ನು ಬಹುಮಂದಿ ಅರಿತಂತಿಲ್ಲ.

ವಿದ್ಯುತ್ತು ನಮ್ಮ ನಾಡಿಗೆ ಹೊಸದಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಅದು ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಆದರೂ ಅದರ ಒಂದು ಗುಣವನ್ನು ನಾವಿನ್ನೂ ಮನಗಂಡಿಲ್ಲ. ಹರಿವಿರುವ ತಂತಿಗೂ ಹರಿವಿಲ್ಲದ ತಂತಿಗೂ ನೋಟದಲ್ಲಿ ಯಾವ ಭೇದವೂ ಇಲ್ಲ.

ಆದುದರಿಂದಲೇ ಈ ಕಾಯಕಕ್ಕೆ ಕಟ್ಟಳೆಗಳುಂಟು. ಮೊದಲು ಉಪಕೇಂದ್ರದಿಂದ 'ಲೈನ್ ಕ್ಲಿಯರ್' ಪಡೆಯಬೇಕು. ಸ್ವಿಚ್ಚು ತೆಗೆದು ಬೀಗ ಹಾಕಿ ಫಲಕ ತೂಗಬೇಕು. ಟೆಸ್ಟರಿನಿಂದ ತಂತಿಯನ್ನು ಪರೀಕ್ಷಿಸಬೇಕು. ಕೈಗವಸು, ಶಿರಸ್ತ್ರಾಣ, ಸೊಂಟದ ಬೆಲ್ಟು ಇರಲೇಬೇಕು. ಇವೆಲ್ಲಕ್ಕಿಂತ ಮಿಗಿಲಾದುದು ಅರ್ಥಿಂಗ್. ಕೆಲಸ ಮಾಡುವ ಜಾಗದ ಎರಡೂ ಬದಿಗಳಲ್ಲಿ ತಂತಿಯನ್ನು ಭೂಮಿಗೆ ಜೋಡಿಸಿಟ್ಟರೆ, ಎಲ್ಲಿಂದಲೋ ವಿದ್ಯುತ್ತು ನುಗ್ಗಿದರೂ ಅದು ನೆಲದ ದಾರಿ ಹಿಡಿಯುತ್ತದೆ. ಇದರಲ್ಲಿಯೂ ಕ್ರಮವೊಂದುಂಟು: ಜೋಡಿಸುವಾಗ ನೆಲದ ತುದಿ ಮೊದಲು, ಬಿಡಿಸುವಾಗ ಅದೇ ಕೊನೆಗೆ.

ಸ್ವಿಚ್ಚನ್ನೇ ತೆಗೆದ ಮೇಲೆ ವಿದ್ಯುತ್ತು ಎಲ್ಲಿಂದ ಬಂದೀತು ಎಂದು ಕೇಳಬಹುದು. ನಮ್ಮ ಮನೆಯಿಂದಲೇ ಬಂದೀತು! ಕರೆಂಟು ಹೋಯಿತೆಂದು ಮದುವೆಮನೆಯಲ್ಲಿ ಜನರೇಟರನ್ನು ಮನೆಯ ವೈರಿಂಗಿಗೆ ನೇರವಾಗಿ ಸಿಕ್ಕಿಸುತ್ತೇವೆ. ನಡುವೆ ಚೇಂಜ್‌ಓವರ್ ಸ್ವಿಚ್ಚು ಇಲ್ಲದಿದ್ದರೆ ಆ ವಿದ್ಯುತ್ತು ಮೀಟರನ್ನು ದಾಟಿ ಬೀದಿಯ ತಂತಿಗೆ, ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ ಸಾಗುತ್ತದೆ. 11,000 ವೋಲ್ಟನ್ನು ಇಳಿಸಿ ನಮಗೆ 230 ವೋಲ್ಟು ಕೊಡುವ ಅದೇ ಪೆಟ್ಟಿಗೆ, ಹಿಂದಿನಿಂದ ಬಂದ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಬಲ್ಲುದು. ಬೀದಿಯ ತಂತಿಯನ್ನು ಹಿಡಿದವನಿಗಾದರೋ 230 ವೋಲ್ಟೇ ಸಾಕು. ಆ ಮದುವೆಮನೆಯ ಯಜಮಾನರು ಅಕ್ಷತೆ ಹಾಕುತ್ತಿರುತ್ತಾರೆ. ಕೇಡನ್ನು ಬಯಸಿದವರಲ್ಲ, ಕೇಳಿ ತಿಳಿಯದವರು, ಅಷ್ಟೆ.

ಹರಿವಿರುವ ತಂತಿಯ ಮೇಲೆಯೇ ದುಡಿಯುವ ವಿದ್ಯೆಯೂ ಉಂಟು. ಅದನ್ನು ಹಾಟ್‌ಲೈನ್ ಕೆಲಸವೆನ್ನುವರು. ವಿದ್ಯುತ್ತು ಹರಿಯದ ನಾರುಗಾಜಿನ ಉದ್ದ ಕೋಲುಗಳಿಂದ ದೂರದಲ್ಲಿ ನಿಂತು ದುರಸ್ತಿ ಮಾಡುವುದು ಒಂದು ಬಗೆ. ವಿಶೇಷ ಉಡುಪು ತೊಟ್ಟು, ನೆಲದ ಸಂಬಂಧ ಕಡಿದುಕೊಂಡು, ತಂತಿಯ ಮೇಲೆ ಕುಳಿತ ಹಕ್ಕಿಯಂತೆ ತಂತಿಗೆ ಸರಿಸಮನಾಗಿ ನಿಲ್ಲುವುದು ಇನ್ನೊಂದು. ಇದು ತಂಡವಾಗಿ ತರಬೇತಿ ಪಡೆದವರ ಕೆಲಸ. ಮಳೆಯಲ್ಲಿ ಚಪ್ಪಲಿ ಮೆಟ್ಟಿ, ಇಕ್ಕಳವೊಂದನ್ನೇ ನಂಬಿ ಕಂಬವೇರುವುದನ್ನು ನಾವು ಧೈರ್ಯವೆಂದು ಹೊಗಳುವುದು, ನನ್ನ ಮಟ್ಟಿಗೆ, ಆತನನ್ನು ಮೃತ್ಯುವಿನತ್ತ ನೂಕಿದಂತೆಯೇ ಸರಿ.

ಜನರೇಟರನ್ನೋ ಇನ್‌ವರ್ಟರನ್ನೋ ಇಟ್ಟುಕೊಂಡ ಮನೆಯವರು ಪರವಾನಗಿಯುಳ್ಳ ವೈರ್‌ಮನ್ನನನ್ನು ಕರೆಸಿ ಚೇಂಜ್‌ಓವರ್ ವ್ಯವಸ್ಥೆ ಸರಿಯಿದೆಯೇ ಎಂದು ಈ ಮುಂಗಾರಿಗೆ ಮೊದಲೇ ನೋಡಿಸಬೇಕು. ತೋಟದ ಪಂಪ್‌ಸೆಟ್ಟಿಗೆ ಕೊಕ್ಕೆ ಹಾಕುವವರು ಅದನ್ನು ಇಂದೇ ತೆಗೆಯಬೇಕು. ಕತ್ತಲಾದಾಗ ಉಪಕೇಂದ್ರಕ್ಕೆ ಮತ್ತೆ ಮತ್ತೆ ದೂರವಾಣಿ ಮಾಡಿ ಆತುರಪಡಿಸುವುದೂ ಬೇಡ. ಲೈನ್ ಕ್ಲಿಯರ್ ಪಡೆದವನು ಕೆಳಗಿಳಿದು ತಾನೇ ಅದನ್ನು ಮರಳಿಸುವವರೆಗೆ ಅಲ್ಲಿಯವರು ಸ್ವಿಚ್ಚು ಹಾಕುವಂತಿಲ್ಲ.